ತೊರೆಗೂ ಜಾಗ, ಅಜ್ಜಿಗೂ ದಾರಿ: ಸಾಂತಾ ಕ್ಲಾರಾ ಕಣಿವೆಯ ತೊರೆಬದಿಯ ಉದ್ಯಾನಗಳು



ಈ ಉಪನ್ಯಾಸದ ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟಿದ್ದರು. ನಾನು ಆರಿಸಿಕೊಂಡದ್ದು ಮೇಲ್ನೋಟಕ್ಕೆ ಬಹಳ ಸಾಮಾನ್ಯವಾದ ಸಂಗತಿ. ರಜೆಯ ದಿನ ಒಂದು ಸಂಸಾರ ಬುತ್ತಿ ಕಟ್ಟಿಕೊಂಡು, ಮನೆಗೆ ಹತ್ತಿರದ ತೊರೆಯ ದಂಡೆಗೆ ಹೋಗಿ, ಮರದ ನೆರಳಲ್ಲಿ ಕೂತು, ಮಕ್ಕಳನ್ನು ಆಡಲು ಬಿಟ್ಟು, ಸಂಜೆಗೆ ಮನೆಗೆ ಮರಳುವುದು. ಇದಕ್ಕೆ ಉಪನ್ಯಾಸ ಬೇಕೇ ಎಂದು ನಿಮಗೆ ಅನ್ನಿಸಬಹುದು. ಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಈ ಅರ್ಧ ದಿನದ ಸುಖದ ಹಿಂದೆ ನೂರು ವರ್ಷಗಳ ಸಾರ್ವಜನಿಕ ತೀರ್ಮಾನಗಳಿವೆ. ಅವುಗಳನ್ನು ಯಾರು ಮಾಡಿದರು, ಏಕೆ ಮಾಡಿದರು ಎಂದು ತಿಳಿದರೆ ನಮ್ಮ ಊರಿನ ಹಳ್ಳಗಳನ್ನೂ ಬೇರೆ ಕಣ್ಣಿನಿಂದ ನೋಡಲು ಸಾಧ್ಯವಾಗುತ್ತದೆ.

ಉದಾಹರಣೆಗೆ ನಾನು ತೆಗೆದುಕೊಳ್ಳುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯನ್ನು. ಜಗತ್ತು ಇದನ್ನು ಸಿಲಿಕಾನ್ ವ್ಯಾಲಿ ಎಂದು ಕರೆಯುತ್ತದೆ. ಸ್ಯಾನ್ ಹೋಸೆ, ಕುಪರ್ಟಿನೋ, ಸನಿವೇಲ್, ಪಾಲೋ ಆಲ್ಟೋ ಎಂಬ ಹೆಸರುಗಳು ಇಂದು ಕರ್ನಾಟಕದ ಎಷ್ಟೋ ಮನೆಗಳಲ್ಲಿ ತುಮಕೂರು, ಹಾಸನದಷ್ಟೇ ಸಲೀಸಾಗಿ ಬಾಯಲ್ಲಿ ಬರುತ್ತವೆ. ಈ ಸಭೆಯಲ್ಲೂ ಮಗನ ಮನೆಗೋ ಮಗಳ ಮನೆಗೋ ಅಲ್ಲಿಗೆ ಹೋಗಿ ಬಂದವರು ಇದ್ದೀರಿ. ಅಲ್ಲಿನ ಕಂಪನಿಗಳ ಬಗ್ಗೆ ನಾನು ಮಾತನಾಡುವುದಿಲ್ಲ. ಅಲ್ಲಿ ಹರಿಯುವ ತೊರೆಗಳು, ಅವುಗಳ ಬದಿಯ ಉದ್ಯಾನಗಳು, ಆ ಉದ್ಯಾನಗಳಿಗೆ ಯಾರು ಬರಬಲ್ಲರು, ಯಾರು ಬರಲಾರರು ಎಂಬುದಷ್ಟೇ ನನ್ನ ವ್ಯಾಪ್ತಿ. ನಾನು ಹೇಳಬಯಸುವುದನ್ನು ಮೊದಲೇ ಹೇಳಿಬಿಡುತ್ತೇನೆ: ತೊರೆಗೆ ಹರಿಯಲು ಜಾಗ ಬಿಟ್ಟ ಕಡೆ, ನಡೆಯಲಾಗದವರಿಗೂ ದಾರಿ ಮಾಡಿದ ಕಡೆ ಮಾತ್ರ ಉದ್ಯಾನ ನಿಜವಾಗಿ ಸಾರ್ವಜನಿಕವಾಗುತ್ತದೆ.

ಮೊದಲು ನೀರಿನ ವಿಚಾರ.

ಆ ಕಣಿವೆಯ ಮಳೆ ನಮ್ಮ ಮಳೆಯಂತಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ, ಅಂದರೆ ಚಳಿಗಾಲದಲ್ಲಿ ಮಳೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಒಂದು ಹನಿಯೂ ಬೀಳುವುದಿಲ್ಲ. ಗುಡ್ಡಗಳ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಸಾಂತಾ ಕ್ರೂಝ್ ಬೆಟ್ಟಸಾಲಿನಲ್ಲಿ ಹುಟ್ಟುವ ಲಾಸ್ ಗ್ಯಾಟೋಸ್ ತೊರೆ ಉತ್ತರಕ್ಕೆ ಹರಿದು, ಲಾಸ್ ಗ್ಯಾಟೋಸ್, ಕ್ಯಾಂಪ್‌ಬೆಲ್ ಪಟ್ಟಣಗಳನ್ನು ದಾಟಿ, ಸ್ಯಾನ್ ಹೋಸೆ ನಗರದ ನಡುವೆ ಗ್ವಾಡಲೂಪೆ ನದಿಯನ್ನು ಸೇರುತ್ತದೆ. ಆ ನದಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಹೋಗುತ್ತದೆ. ಸ್ಟೀವನ್ಸ್ ತೊರೆ ಕುಪರ್ಟಿನೋ, ಮೌಂಟನ್ ವ್ಯೂ ಮೂಲಕ ನೇರವಾಗಿ ಕೊಲ್ಲಿಗೇ ಸೇರುತ್ತದೆ. ಇಂಥ ಹತ್ತಾರು ತೊರೆಗಳು ಬೆಟ್ಟದಿಂದ ಇಳಿದು ಬರುತ್ತವೆ. ಸಾವಿರಾರು ವರ್ಷ ಇವುಗಳ ದಂಡೆಯಲ್ಲಿ ಬಾಳಿದವರು ಓಲೋನಿ ಜನ. ಓಕ್ ಮರದ ಕಾಯಿಯನ್ನು ಕುಟ್ಟಿ, ನೀರಿನಲ್ಲಿ ತೊಳೆದು ಕಹಿ ತೆಗೆದು ಅವರು ಆಹಾರ ಮಾಡಿಕೊಳ್ಳುತ್ತಿದ್ದರು. ಆ ಕೆಲಸಕ್ಕೂ ತೊರೆಯೇ ಬೇಕು.

20ನೇ ಶತಮಾನದ ಆರಂಭಕ್ಕೆ ಕಣಿವೆಯ ತುಂಬ ಹಣ್ಣಿನ ತೋಟಗಳು. ಏಪ್ರಿಕಾಟ್, ಪ್ರೂನ್, ಚೆರಿ. ಮಳೆಯಿಲ್ಲದ ಬೇಸಿಗೆಯಲ್ಲಿ ತೋಟಕ್ಕೆ ನೀರು ಎಲ್ಲಿಂದ? ಬಾವಿಗಳಿಂದ. ರೈತರು ಪಂಪು ಹಾಕಿ ಎತ್ತುತ್ತ ಹೋದರು, ಅಂತರ್ಜಲ ಇಳಿಯುತ್ತ ಹೋಯಿತು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿನ ಮೆತ್ತನೆಯ ಜೇಡಿ ಪದರಗಳಿಂದಾಗಿ ಇನ್ನೊಂದು ಅನಾಹುತವೂ ಆಯಿತು. ನೀರು ಖಾಲಿಯಾದಂತೆ ಆ ಪದರಗಳು ಅಡಕಗೊಂಡು ನೆಲವೇ ಕೆಳಗಿಳಿಯಿತು. 20ನೇ ಶತಮಾನದ ಮೊದಲ ಆರೇಳು ದಶಕಗಳಲ್ಲಿ ಸ್ಯಾನ್ ಹೋಸೆಯ ನಡುಭಾಗದಲ್ಲಿ ನೆಲ ಸುಮಾರು 13 ಅಡಿ ಕುಸಿಯಿತು. ಕೊಲ್ಲಿಯ ಅಂಚಿನ ಆಲ್ವಿಸೋ ಎಂಬ ಊರು ಸಮುದ್ರಮಟ್ಟಕ್ಕಿಂತ ಕೆಳಗಿಳಿಯಿತು.

ಇದಕ್ಕೆ ಕಣಿವೆಯ ಜನ ಕಂಡುಕೊಂಡ ಪರಿಹಾರವೇ ಇಂದಿನ ಉದ್ಯಾನಗಳ ಬೇರು. 1929ರಲ್ಲಿ ಜಲಸಂರಕ್ಷಣೆಗೆಂದೇ ಒಂದು ಸಾರ್ವಜನಿಕ ಸಂಸ್ಥೆ ಹುಟ್ಟಿತು. ಇಂದು ಅದರ ಹೆಸರು ವ್ಯಾಲಿ ವಾಟರ್. 1930ರ ದಶಕದಲ್ಲಿ ಮತದಾರರ ಒಪ್ಪಿಗೆ ಪಡೆದು, ಸಾಲ ಎತ್ತಿ, ಬೆಟ್ಟದ ಬುಡದಲ್ಲಿ ಸಣ್ಣ ಅಣೆಕಟ್ಟುಗಳನ್ನು ಕಟ್ಟಿದರು. ವಸೋನಾ, ಸ್ಟೀವನ್ಸ್ ಕ್ರೀಕ್ ಎರಡೂ 1935ರವು. ಲೆಕ್ಸಿಂಗ್ಟನ್ 1952ರದು. ಚಳಿಗಾಲದ ಮಳೆನೀರನ್ನು ಹಿಡಿದಿಟ್ಟು, ಬೇಸಿಗೆಯಲ್ಲಿ ನಿಧಾನವಾಗಿ ತೊರೆಗೆ ಬಿಟ್ಟು, ತೊರೆಯ ಮರಳಿನಲ್ಲೂ ಪಕ್ಕದ ಇಂಗುಕೊಳಗಳಲ್ಲೂ ಭೂಮಿಗೆ ಇಳಿಸುವುದು ಉಪಾಯ. 1965ರಿಂದ ದೂರದಿಂದ ಕಾಲುವೆಯ ನೀರೂ ಬಂತು. 1970ರ ಹೊತ್ತಿಗೆ ನೆಲದ ಕುಸಿತ ಹೆಚ್ಚುಕಡಿಮೆ ನಿಂತಿತು.

ಕ್ಯಾಂಪ್‌ಬೆಲ್‌ನ ಲಾಸ್ ಗ್ಯಾಟೋಸ್ ಕ್ರೀಕ್ ಪಾರ್ಕಿಗೆ ಹೋದವರು ಅಲ್ಲಿ ಸಾಲಾಗಿರುವ ಕೊಳಗಳನ್ನು ನೋಡಿರುತ್ತೀರಿ. ಮಕ್ಕಳು ಅಲ್ಲಿ ರಿಮೋಟ್ ದೋಣಿ ಬಿಡುತ್ತಾರೆ, ಮುದುಕರು ಗಾಳ ಹಾಕಿ ಕೂರುತ್ತಾರೆ, ಬೆಳ್ಳಕ್ಕಿಗಳು ಅಂಚಿನಲ್ಲಿ ನಿಂತಿರುತ್ತವೆ. ಅಂದಕ್ಕಾಗಿ ತೋಡಿದ ಕೊಳಗಳಲ್ಲ ಅವು. ಕಣಿವೆ ಕುಸಿಯದಂತೆ ಹಿಡಿದಿರುವ ಇಂಗುಕೊಳಗಳು. ನೀರಿನ ಇಲಾಖೆ ತನ್ನ ಕೆಲಸದ ಜಾಗಕ್ಕೆ ಬೇಲಿ ಹಾಕಿ ಜನರನ್ನು ಹೊರಗಿಡಬಹುದಿತ್ತು. ಉದ್ಯಾನ ಇಲಾಖೆಯೂ ಪಟ್ಟಣಸಭೆಗಳೂ ಸೇರಿ ಅದೇ ದಂಡೆಯ ಮೇಲೆ ಡಾಂಬರಿನ ದಾರಿ ಹಾಕಿ ಜನರನ್ನು ಒಳಕ್ಕೆ ಕರೆದವು. ತಾವು ಕುಡಿಯುವ ನೀರು ಎಲ್ಲಿ ಭೂಮಿಗಿಳಿಯುತ್ತದೆ ಎಂದು ಮಕ್ಕಳು ಆಟವಾಡುತ್ತಲೇ ನೋಡುವುದನ್ನು ನಾನು ದೊಡ್ಡ ಶಿಕ್ಷಣವೆಂದು ಭಾವಿಸುತ್ತೇನೆ.

ಇನ್ನು ಹಣದ ಮಾತು. ಅದನ್ನು ಚುಟುಕಾಗಿ ಮುಗಿಸುತ್ತೇನೆ. ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಮೊದಲ ಉದ್ಯಾನ ಸ್ಟೀವನ್ಸ್ ತೊರೆಯ ಬದಿಯಲ್ಲೇ, 1924ರಲ್ಲಿ ಆಯಿತು. 1972ರಲ್ಲಿ ಮತದಾರರು ಆಸ್ತಿ ತೆರಿಗೆಯ ಒಂದು ಪಾಲು ಉದ್ಯಾನಗಳಿಗೇ ಮೀಸಲು ಎಂದು ಕೌಂಟಿಯ ಸನ್ನದಿನಲ್ಲಿ ಬರೆಸಿದರು. ಕ್ಯಾಲಿಫೋರ್ನಿಯಾದ 1965ರ ಕ್ವಿಂಬಿ ಕಾಯ್ದೆ, ಹೊಸ ಬಡಾವಣೆ ಮಾಡುವವರು ಪಾರ್ಕಿಗೆ ಜಾಗ ಕೊಡಬೇಕು ಇಲ್ಲವೇ ಹಣ ಕಟ್ಟಬೇಕು ಎಂದು ಸ್ಥಳೀಯ ಸರ್ಕಾರಗಳು ಕೇಳಲು ಅಧಿಕಾರ ಕೊಟ್ಟಿತು. ಅದರ ಸಾಮಾನ್ಯ ಅಳತೆ ಸಾವಿರ ಜನಕ್ಕೆ ಮೂರು ಎಕರೆ. ನಮ್ಮಲ್ಲೂ ಬಡಾವಣೆಯ ನಕ್ಷೆಯಲ್ಲಿ ಪಾರ್ಕ್ ಎಂದು ಬರೆದಿರುತ್ತದೆ. ಆ ಜಾಗ ಮುಂದೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ: ತೊರೆಗೆ ಅದರ ಜಾಗವನ್ನು ಮರಳಿ ಕೊಟ್ಟ ಕಥೆ. ಇದು ಕುಪರ್ಟಿನೋದ ಬ್ಲ್ಯಾಕ್‌ಬೆರಿ ಫಾರ್ಮ್‌ನದು.

1776ರ ಮಾರ್ಚಿನಲ್ಲಿ ಸ್ಪೇನಿನ ಡಿ ಆಂಝಾ ಅವರ ಅನ್ವೇಷಣಾ ತಂಡ ಇಂದಿನ ಸ್ಟೀವನ್ಸ್ ತೊರೆಯ ಬಳಿ ತಂಗಿತು. ತಂಡದ ಪಾದ್ರಿ ಪೆದ್ರೋ ಫಾಂಟ್ ತೊರೆಗೆ ಇಟಲಿಯ ಕುಪರ್ಟಿನೋದ ಸಂತ ಜೋಸೆಫನ ಹೆಸರಿಟ್ಟರು. ತೊರೆಯ ಹೆಸರು ಮುಂದೆ ಊರಿಗೆ ಉಳಿಯಿತು, ತೊರೆಗೆ ಹೊಸ ಹೆಸರು ಬಂತು. 1844ರಲ್ಲಿ ಸಿಯೆರಾ ಪರ್ವತವನ್ನು ಗಾಡಿಗಳೊಂದಿಗೆ ದಾಟಿದ ಮೊದಲ ವಲಸೆ ತಂಡದ ಮುಂದಾಳು ಎಲೈಶಾ ಸ್ಟೀಫನ್ಸ್ ಇಲ್ಲಿ ನೆಲೆಸಿ ಬ್ಲ್ಯಾಕ್‌ಬೆರಿ ಬೆಳೆದ. ತೊರೆಗೂ ತೋಟಕ್ಕೂ ಹೆಸರು ಬಂದದ್ದು ಅವನಿಂದ, ಕಾಗುಣಿತ ಮಾತ್ರ ಬದಲಾಯಿತು. 20ನೇ ಶತಮಾನದ ನಡುವಿನಲ್ಲಿ ಆ ಜಾಗ ಖಾಸಗಿ ವಿಹಾರಸ್ಥಳವಾಗಿತ್ತು. 1991ರಲ್ಲಿ ನಗರವೇ ಅದನ್ನು ಕೊಂಡುಕೊಂಡಿತು.

ಬೇಸಿಗೆಯ ದಿನಗಳಲ್ಲಿ ಸಾವಿರಾರು ಜನ ಅಲ್ಲಿ ಸೇರುತ್ತಿದ್ದರು. ಕಾರು ನಿಲ್ಲಿಸುವ ಜಾಗ ತೊರೆಯ ಅಂಚಿಗೇ ತಾಗಿತ್ತು. ಕಾರುಗಳು ದಾಟಲು ತೊರೆಯ ಪಾತ್ರದಲ್ಲೇ ಕಾಂಕ್ರೀಟು ಹಾಕಿದ್ದರು. ತೊಂದರೆಯಾದದ್ದು ಸ್ಟೀಲ್‌ಹೆಡ್ ಮೀನಿಗೆ. ಸಿಹಿನೀರಿನ ತೊರೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ತೊರೆಗೆ ಹತ್ತಿ ಬರುವ ಮೀನು ಅದು. ಈ ಕರಾವಳಿಯ ಸ್ಟೀಲ್‌ಹೆಡ್ ಅಪಾಯದಲ್ಲಿದೆ ಎಂದು 1997ರಲ್ಲೇ ಅಮೆರಿಕದ ಸರ್ಕಾರ ಘೋಷಿಸಿತ್ತು. ಕಾಂಕ್ರೀಟಿನ ಆ ದಾಟುಗಳು ಅದಕ್ಕೆ ಗೋಡೆಗಳಾಗಿದ್ದವು.

ನಗರಸಭೆ ಉದ್ಯಾನವನ್ನು ಮುಚ್ಚಿ ಕೆಲಸ ಮಾಡಿತು. ಕಾರಿನ ಜಾಗವನ್ನು ಹಿಂದಕ್ಕೆ ಸರಿಸಿದರು, ಕಾಂಕ್ರೀಟನ್ನು ಕಿತ್ತರು, ತೊರೆಗೆ ಬಳುಕಿ ಹರಿಯಲು ಹೊಸ ಪಾತ್ರ ಮಾಡಿಕೊಟ್ಟರು, ದಂಡೆಗೆ ಅಲ್ಲಿಯದೇ ಆದ ಓಕ್, ಸಿಕಮೋರ್, ವಿಲೋ ಗಿಡಗಳನ್ನು ನೆಟ್ಟರು. 2009ರಲ್ಲಿ ಮತ್ತೆ ತೆರೆದಾಗ ಒಂದು ದಿನಕ್ಕೆ ಬರಬಹುದಾದ ಜನರ ಮಿತಿಯನ್ನು ಸಾವಿರಗಳಿಂದ ನೂರುಗಳಿಗೆ ಇಳಿಸಿದ್ದರು. ನನಗೆ ಇದರಲ್ಲಿ ಅತ್ಯಂತ ಧೈರ್ಯದ ತೀರ್ಮಾನವೆಂದು ಕಾಣುವುದು ಇದೇ. ಜನಪ್ರಿಯವಾಗಿದ್ದ ಜಾಗದಲ್ಲಿ ಜನರನ್ನು ಕಡಿಮೆ ಮಾಡಲು, ಬರುವ ಆದಾಯವನ್ನು ಬಿಡಲು ಒಂದು ಚುನಾಯಿತ ಸಭೆ ಒಪ್ಪಿತು. ಅಂಥದ್ದನ್ನು ಮಾಡಿಯೂ ಊರಿನವರಿಗೆ ನಷ್ಟವಾಗಲಿಲ್ಲ. ಬೆಂಚುಗಳಿವೆ, ಒಲೆಗಳಿವೆ, ಈಜುಕೊಳವಿದೆ, ಗಾಲಿಕುರ್ಚಿ ಸಲೀಸಾಗಿ ಹೋಗುವ ದಾರಿ ತೊರೆಯುದ್ದಕ್ಕೂ ಪಕ್ಕದ ಮೆಕ್‌ಕ್ಲೆಲನ್ ರಾಂಚ್ ಉದ್ಯಾನದವರೆಗೆ ಇದೆ. ಕಾರುಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ನೀರಿನ ಸದ್ದು ಕೇಳುತ್ತದೆ.

ಗಾಲಿಕುರ್ಚಿ ಎಂದೆ. ಮೂರನೆಯ ಭಾಗ ಅದರದೇ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಅಮೆರಿಕದ ಉದ್ಯಾನಗಳಲ್ಲಿ ಮೆಟ್ಟಿಲಿನ ಪಕ್ಕ ಇಳಿಜಾರು, ಗಾಲಿಕುರ್ಚಿ ಹಿಡಿಸುವ ಶೌಚಾಲಯ, ಕುರ್ಚಿ ಒಳಗೆ ಸರಿಯುವಂತೆ ಒಂದು ಬದಿ ಖಾಲಿ ಬಿಟ್ಟ ಊಟದ ಮೇಜು, ಇವೆಲ್ಲ ನಮ್ಮವರಿಗೆ ಬೇಗ ಕಣ್ಣಿಗೆ ಬೀಳುತ್ತವೆ. ಶ್ರೀಮಂತ ದೇಶ, ಮಾಡಿಕೊಂಡಿದ್ದಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದನ್ನು ಹೋರಾಡಿ ಪಡೆದರು. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಈ ಕಣಿವೆಯಿಂದ ಒಂದು ಗಂಟೆ ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಸರ್ಕಾರಿ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ಭೇದ ಮಾಡಕೂಡದು ಎಂದು 1973ರ ಕಾಯ್ದೆಯ 504ನೇ ವಿಧಿ ಹೇಳಿತ್ತು. ನಾಲ್ಕು ವರ್ಷವಾದರೂ ಅದನ್ನು ಜಾರಿಗೆ ತರುವ ನಿಯಮಗಳಿಗೆ ಸಹಿ ಬೀಳಲಿಲ್ಲ. 1977ರ ಏಪ್ರಿಲಿನಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರು ಅಲ್ಲಿನ ಕೇಂದ್ರ ಸರ್ಕಾರಿ ಕಚೇರಿಯೊಳಗೆ ಹೋಗಿ ಕೂತರು. ಅವರ ಮುಂದಾಳು ಜೂಡಿ ಹ್ಯೂಮನ್. ಇಪ್ಪತ್ತಕ್ಕೂ ಹೆಚ್ಚು ದಿನ ಅವರು ಕದಲಲಿಲ್ಲ. ಔಷಧಿ, ಹಾಸಿಗೆ, ಸಹಾಯಕರು ಇಲ್ಲದೆ ಒಂದು ರಾತ್ರಿಯೂ ಕಷ್ಟವಾಗುವ ಜನ ಅವರು. ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಓಕ್‌ಲ್ಯಾಂಡಿನ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಅಡುಗೆ ಮಾಡಿ ತಂದು ಉಣಿಸಿದರು. ಕೊನೆಗೆ ಸಹಿ ಬಿತ್ತು. 1990ರ ಅಂಗವಿಕಲರ ಕಾಯ್ದೆ ಆ ಅಡಿಪಾಯದ ಮೇಲೆ ಬಂತು. ಅದರ ಅಡಿಯಲ್ಲಿ ಬಂದ 2010ರ ಮಾನದಂಡಗಳು ಮಕ್ಕಳ ಆಟದ ಜಾಗಕ್ಕೂ ಅಳತೆಗಳನ್ನು ನಿಗದಿ ಮಾಡಿದವು.

ಅಳತೆ ಎಂದರೆ ಏನು? ಇಳಿಜಾರು ಒಂದು ಅಡಿ ಏರಬೇಕಾದರೆ ಕನಿಷ್ಠ 12 ಅಡಿ ಉದ್ದವಿರಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯನ್ನು ಕೈಯಿಂದ ತಳ್ಳಿಕೊಳ್ಳುವವರ ತೋಳು ಸೋಲುತ್ತದೆ. ಇಂಥ ಸಣ್ಣ ಅಂಕಿಯಲ್ಲಿ ಒಬ್ಬ ಮನುಷ್ಯನ ಇಡೀ ಭಾನುವಾರ ಅಡಗಿದೆ.

ಕಾಯ್ದೆಯ ಕನಿಷ್ಠ ಅಳತೆಯನ್ನು ಪಾಲಿಸಿದರೂ ಆಟದ ಮೈದಾನ ಎಲ್ಲ ಮಕ್ಕಳದೂ ಆಗುವುದಿಲ್ಲ. ಇದನ್ನು ಕಂಡವರು ಪಾಲೋ ಆಲ್ಟೋದ ಓಲೆಂಕಾ ವಿಯರಿಯಲ್ ಎಂಬ ತಾಯಿ. ತಮ್ಮ ವಿಶೇಷಚೇತನ ಮಗಳು ಬೇರೆ ಮಕ್ಕಳೊಂದಿಗೆ ಆಡಬಲ್ಲ ಪಾರ್ಕು ಊರಿನಲ್ಲಿ ಇಲ್ಲವೆಂದು ಅರಿತ ಅವರು ನೆರೆಹೊರೆಯವರನ್ನು ಕೂಡಿಸಿ, ವರ್ಷಗಟ್ಟಲೆ ದೇಣಿಗೆ ಎತ್ತಿ, ನಗರಸಭೆಯ ಜೊತೆ ಕೆಲಸ ಮಾಡಿದರು. 2015ರ ಏಪ್ರಿಲಿನಲ್ಲಿ ಅಡೋಬಿ ತೊರೆ ಹರಿಯುವ ಮಿಚೆಲ್ ಪಾರ್ಕಿನಲ್ಲಿ ಮ್ಯಾಜಿಕಲ್ ಬ್ರಿಡ್ಜ್ ಆಟದ ಮೈದಾನ ತೆರೆಯಿತು.

ಅಲ್ಲಿ ನೆಲಕ್ಕೆ ಮರಳಿಲ್ಲ, ಮರದ ಚೂರಿಲ್ಲ. ಚಕ್ರ ಹೂತುಹೋಗದಂತೆ ಮೆದು ರಬ್ಬರು ಹಾಸಿದ್ದಾರೆ. ಮರದ ಮೇಲಿನ ಎರಡಂತಸ್ತಿನ ಗುಡಿಸಲಿಗೆ ಗಾಲಿಕುರ್ಚಿಯಲ್ಲೇ ಏರಿಹೋಗಬಹುದು. ಬೆನ್ನಿಗೆ ಆಧಾರವಿರುವ ಉಯ್ಯಾಲೆಗಳಿವೆ. ಕೈಯಾಡಿಸಿದರೆ ನುಡಿಯುವ ಬೆಳಕಿನ ತಂತಿಗಳ ವಾದ್ಯವಿದೆ. ಗದ್ದಲ ತಾಳಲಾರದ ಆಟಿಸಂ ಮಕ್ಕಳು ಸ್ವಲ್ಪ ಹೊತ್ತು ಒಳಹೊಕ್ಕು ಕೂರಲು ಸಣ್ಣ ಗೂಡುಗಳಿವೆ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಜಾರುಬಂಡಿಯ ತುದಿ. ಗಾಲಿಕುರ್ಚಿ ಬಿಟ್ಟು ಜಾರಿದ ಮಗು ಕೆಳಗೆ ಬಂದಮೇಲೆ ಏನು ಮಾಡಬೇಕು? ಮೇಲಿರುವ ಕುರ್ಚಿಯನ್ನು ಯಾರಾದರೂ ತರುವವರೆಗೆ ನೆಲದಲ್ಲಿ ಬಿದ್ದಿರಬೇಕು, ಹಿಂದೆ ಜಾರುವವರು ಬಂದು ಡಿಕ್ಕಿ ಹೊಡೆಯುತ್ತಾರೆ. ಅದಕ್ಕಾಗಿ ಜಾರುಬಂಡಿಯ ತುದಿಯಲ್ಲೇ ಒಂದು ಅಗಲವಾದ ಕಟ್ಟೆ ಮಾಡಿದ್ದಾರೆ. ಮಗು ಅದರ ಮೇಲೆ ಸರಿದು, ಮರ್ಯಾದೆಯಿಂದ ಕೂತು, ತನ್ನ ಕುರ್ಚಿಗಾಗಿ ಕಾಯುತ್ತದೆ. ಆ ಕಟ್ಟೆಯನ್ನು ಯೋಚಿಸಿದವರು ಮಗುವಿನ ಅರ್ಧ ನಿಮಿಷದ ಸಂಕೋಚವನ್ನು ತಮ್ಮದೆಂದು ಭಾವಿಸಿದವರು. ಅವರಿಗೆ ನನ್ನ ನಮಸ್ಕಾರ.

ಈ ಸೌಕರ್ಯಗಳ ಫಲ ಅಂಗವಿಕಲರಿಗಷ್ಟೇ ಸಿಗುವುದಿಲ್ಲ. ಅದು ನನ್ನನ್ನು ನಾಲ್ಕನೆಯ ಭಾಗಕ್ಕೆ, ನಮ್ಮವರ ಕಡೆಗೆ ತರುತ್ತದೆ.

ಕರ್ನಾಟಕದಿಂದ ಆರು ತಿಂಗಳಿಗೆಂದು ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು ಅಲ್ಲಿ ಕಾರು ಓಡಿಸುವುದಿಲ್ಲ. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಅವರ ಪಾಲಿಗೆ ತೊರೆಬದಿಯ ದಾರಿಯೇ ಹೊರಗಿನ ಲೋಕ. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಓಟದ ಬೂಟು, ಕೈಯಲ್ಲಿ ಮೊಮ್ಮಗುವಿನ ತಳ್ಳುಗಾಡಿ. ಮಂಡಿನೋವಿನ ಅಜ್ಜಿಗೆ ಮೆಟ್ಟಿಲಿಲ್ಲದ ದಾರಿ ಬೇಕು, ಅಲ್ಲಲ್ಲಿ ಬೆಂಚು ಬೇಕು, ಹತ್ತಿರದಲ್ಲಿ ಶೌಚಾಲಯ ಬೇಕು. ಗಾಲಿಕುರ್ಚಿಗೆಂದು ಮಾಡಿದ್ದೆಲ್ಲ ಅವರಿಗೂ ಒದಗುತ್ತದೆ. ಎದುರಿಗೆ ಬಂದ ಇನ್ನೊಬ್ಬ ಅಜ್ಜಿ “ನೀವು ಕನ್ನಡದವರಾ? ಯಾವೂರಮ್ಮ?” ಎಂದರೆ ಅಲ್ಲಿಗೆ ಒಂದು ಗೆಳೆತನ ಶುರುವಾಯಿತು. ಮಾರನೆಯ ದಿನದಿಂದ ಇಬ್ಬರೂ ಗಡಿಯಾರ ನೋಡಿ ಹೊರಡುತ್ತಾರೆ.

ವಾರಾಂತ್ಯದ ಚಿತ್ರ ಬೇರೆ. ಲಾಸ್ ಗ್ಯಾಟೋಸಿನ ವಸೋನಾ ಉದ್ಯಾನದಲ್ಲಿ ಮೇಜುಗಳನ್ನು ಮೊದಲೇ ಕಾದಿರಿಸಿ ನಮ್ಮವರು ಗುಂಪಾಗಿ ಸೇರುತ್ತಾರೆ. ಕೆಂಡದ ಒಲೆಯ ಮೇಲೆ ಮುಸುಕಿನ ಜೋಳ, ಡಬ್ಬಗಳಲ್ಲಿ ಪುಳಿಯೋಗರೆ, ಮೊಸರನ್ನ. ಮೊಮ್ಮಕ್ಕಳಿಗೆ ಪಕ್ಕದ ಓಕ್ ಮೆಡೋ ಪಾರ್ಕಿನ ಪುಟ್ಟ ರೈಲು. ಹಳಿಗಳ ನಡುವೆ ಬರೀ 18 ಅಂಗುಲ. 1905ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ವೆನಿಸ್‌ಗಾಗಿ ಮಾಡಿದ ಉಗಿಯಂತ್ರ ಗುಜರಿಗೆ ಹೋಗಿದ್ದಾಗ ಬಿಲ್ಲಿ ಜೋನ್ಸ್ ಎಂಬ ರೈಲ್ವೆ ಚಾಲಕರು ಕೊಂಡುತಂದು ತಮ್ಮ ತೋಟದಲ್ಲಿ ಮಕ್ಕಳಿಗಾಗಿ ಓಡಿಸಿದರು. ಅವರು 1968ರಲ್ಲಿ ತೀರಿಕೊಂಡ ಮೇಲೆ ಊರಿನವರು ಕೂಡಿ ಅದನ್ನು ಉಳಿಸಿ, 1970ರಿಂದ ಈ ಪಾರ್ಕಿನಲ್ಲಿ ಓಡಿಸುತ್ತಿದ್ದಾರೆ. ತೊರೆಯ ಮೇಲಿನ ಸೇತುವೆ ದಾಟುವಾಗ ಮಕ್ಕಳ ಕೂಗು ಕೇಳಬೇಕು.

ಹೋಗುವವರಿಗೆ ಎರಡು ಎಚ್ಚರಿಕೆ ಹೇಳುವುದು ನನ್ನ ಕರ್ತವ್ಯ. ಮೂರು ಮೂರು ಎಲೆಯ ಪಾಯ್ಸನ್ ಓಕ್ ಗಿಡ ದಂಡೆಯಲ್ಲಿ ಬೆಳೆಯುತ್ತದೆ, ಮುಟ್ಟಿದರೆ ಮೈ ಬೊಕ್ಕೆಯೇಳುತ್ತದೆ. ಹುಲ್ಲಿನಲ್ಲಿ ಓಡಾಡಿ ಬಂದ ಮಕ್ಕಳ ಕಾಲಿನಲ್ಲಿ ಉಣ್ಣೆ ಅಂಟಿದೆಯೇ ಎಂದು ನೋಡಿ.

ಆದರೆ ಒಂದು ಕೊರತೆಯನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪಾರ್ಕಿನ ಒಳಗೆ ಎಲ್ಲರಿಗೂ ದಾರಿಯಿದೆ, ಪಾರ್ಕಿಗೆ ಹೋಗುವ ದಾರಿ ಮಾತ್ರ ಕಾರಿನವರದು. ನಗರದ ಲಘು ರೈಲು ಕ್ಯಾಂಪ್‌ಬೆಲ್‌ನ ವಿಂಚೆಸ್ಟರ್‌ನಲ್ಲಿ ನಿಲ್ಲುತ್ತದೆ, ವಸೋನಾವರೆಗೆ ಬರುವುದಿಲ್ಲ. ಮಗ ರಜೆ ಹಾಕದೆ ಅಮ್ಮ ಅಲ್ಲಿಗೆ ಹೋಗಲಾರಳು. ಕ್ಯಾಂಪ್‌ಬೆಲ್ ಪೇಟೆಯ ನಿಲ್ದಾಣದಲ್ಲಿ ಇಳಿದರೆ ತೊರೆಯ ದಾರಿ ನಡೆದುಹೋಗುವಷ್ಟು ಹತ್ತಿರ ಎಂಬುದನ್ನು ಹೋಗುವ ತಂದೆತಾಯಿಗಳು ನೆನಪಿಟ್ಟುಕೊಳ್ಳಲಿ.

ಇನ್ನೊಂದು ಕಹಿ ಸಂಗತಿ. ಅದೇ ಕಣಿವೆಯ ಕಯೋಟಿ ತೊರೆಯ ದಂಡೆಯಲ್ಲಿ ಮನೆಯಿಲ್ಲದವರು ಡೇರೆ ಹಾಕಿ ಬದುಕುತ್ತಿದ್ದರು. ದುಡಿಯುವವರೂ ಅವರಲ್ಲಿದ್ದರು, ಬಾಡಿಗೆ ಕೊಡಲಾಗದೆ ತೊರೆಗೆ ಬಂದವರು. ‘ಜಂಗಲ್’ ಎಂದು ಕರೆಯಲಾಗುತ್ತಿದ್ದ ಅಂಥ ಒಂದು ನೆಲೆಯನ್ನು 2014ರ ಡಿಸೆಂಬರಿನಲ್ಲಿ ತೆರವು ಮಾಡಿದರು. 2017ರ ಫೆಬ್ರುವರಿಯಲ್ಲಿ ಮೇಲಿನ ಆಂಡರ್ಸನ್ ಜಲಾಶಯ ತುಂಬಿ ಕೋಡಿ ಬಿದ್ದು ಅದೇ ತೊರೆ ಉಕ್ಕಿದಾಗ ಸುಮಾರು 14,000 ಜನ ಮನೆ ಬಿಡಬೇಕಾಯಿತು. ಹೆಚ್ಚು ನೊಂದವರು ತಗ್ಗಿನಲ್ಲಿ ಬಾಡಿಗೆಗಿದ್ದ ವಲಸೆ ಕುಟುಂಬಗಳು. ಅಷ್ಟು ಸಂಪತ್ತಿರುವ ಕಣಿವೆಯಲ್ಲೂ ಒಂದು ತೊರೆ ವಿಹಾರಕ್ಕೆ, ಇನ್ನೊಂದು ತೊರೆ ಸಂಕಟಕ್ಕೆ. ಪಾರ್ಕನ್ನು ಹೊಗಳುವ ನಾಲಿಗೆಯಲ್ಲೇ ಇದನ್ನೂ ಹೇಳಬೇಕು.

ಮಿತ್ರರೆ, ನಮ್ಮಲ್ಲಿಗೆ ಬಂದರೆ, ಬೆಂಗಳೂರಿನ ಕೋರಮಂಗಲ ಕಣಿವೆಯ ರಾಜಕಾಲುವೆಯಲ್ಲಿ ಕೆ-100 ಎಂಬ ಹೆಸರಿನ ಕೆಲಸ ನಡೆದಿದೆ. ಕೊಳಚೆಯನ್ನು ಬೇರೆ ಮಾಡಿ, ದಂಡೆಯಲ್ಲಿ ಜನ ನಡೆಯುವ ದಾರಿ ಮಾಡುವುದು ಅದರ ಗುರಿ. ಅದು ಪೂರ್ಣವಾಗಿ ಫಲಿಸಲಿ ಎಂದು ಹಾರೈಸುತ್ತೇನೆ. ಆದರೆ ವಿದ್ಯಾರ್ಥಿಗಳು ದೊಡ್ಡ ಯೋಜನೆಗಳಿಗೆ ಕಾಯಬೇಕಿಲ್ಲ. ನಮ್ಮ ಪಾರ್ಕುಗಳ ಬಾಗಿಲಲ್ಲಿ ಬೈಕು, ದನ ನುಗ್ಗದಂತೆ ಸೊಟ್ಟ ಕಂಬಿಗಳನ್ನು ನೆಟ್ಟಿರುತ್ತಾರೆ. ಅದೇ ಕಂಬಿ ಗಾಲಿಕುರ್ಚಿಯನ್ನೂ ಮಗುವಿನ ತಳ್ಳುಗಾಡಿಯನ್ನೂ ತಡೆಯುತ್ತದೆ. ಒಂದು ಟೇಪು ತೆಗೆದುಕೊಂಡು ನಿಮ್ಮ ಬಡಾವಣೆಯ ಪಾರ್ಕಿಗೆ ಹೋಗಿ. ಕಂಬಿಗಳ ನಡುವಿನ ಅಗಲ, ಹೊಸ್ತಿಲಿನ ಎತ್ತರ, ಇಳಿಜಾರಿದ್ದರೆ ಅದರ ಉದ್ದ ಅಳೆದು ಬರೆದುಕೊಳ್ಳಿ. ಫೋಟೋ ಲಗತ್ತಿಸಿ ಪಾಲಿಕೆಗೋ ಪುರಸಭೆಗೋ ಅರ್ಜಿ ಕೊಡಿ. ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕು ಎಂದು ಹೇಳುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ನಮ್ಮಲ್ಲೂ ಇದೆ. ಅರ್ಜಿಯ ಮೊದಲ ಸಾಲಿನಲ್ಲೇ ಅದರ ಹೆಸರು ಬರೆಯಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.